ದೂರದಿಂದ ಕಾಣುವ ಅಕ್ಷರ

ಠಾಣೆಗೆ ಬರುವವರು ಸಾಮಾನ್ಯವಾಗಿ ಕಳೆದದ್ದನ್ನು ಹುಡುಕಿಕೊಡಿ ಅನ್ನುತ್ತಾರೆ, ಇಲ್ಲವೇ ಹೊಡೆದವನನ್ನು ಒಳಗೆ ಹಾಕಿ ಅನ್ನುತ್ತಾರೆ. 2025ರ ಡಿಸೆಂಬರ್ 1, ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಬಂದ ಹಲಬರ್ಗಾದ ಶೇವಂತಾಬಾಯಿ ಇವೆರಡನ್ನೂ ಅನ್ನಲಿಲ್ಲ.

“ನಮ್ಮೂರ ಕ್ರಾಸಿನಾಗ ಯಾರೋ ಒಂದು ಬ್ಯಾನರ್ ಕಟ್ಯಾರರಿ. ಕಟ್ಟಿದವ ಯಾರಂತ ನನಗ ಬೇಕು.”

ಹೆಡ್ ಕಾನ್‌ಸ್ಟೆಬಲ್ ಗೋರಖನಾಥ ಚಹಾದ ಲೋಟ ಕೆಳಗಿಟ್ಟ. “ಆಯಿ, ಬ್ಯಾನರ್ ತೆಗಿಯೋದು ಪಂಚಾಯಿತಿ ಕೆಲಸ. ಅಲ್ಲಿ ಹೋಗಿ ಹೇಳ್ರಿ.”

“ತೆಗೀರಿ ಅಂತ ಯಾರಂದ್ರು? ತೆಗದ್ರ ನೋಡ್ರಿ ಮತ್ತ! ಕಟ್ಟಿದವನ್ನ ಹುಡುಕ್ರಿ ಅಂತೇನಿ.”

“ಏನು ಬರದದ ಅದರಾಗ?”

“ನಾಗಸೇನನ ತಪ್ಪಿರಲಿಲ್ಲ ಅಂತ ಬರದದ.”

ಒಳಗಿನ ಕೋಣೆಯಲ್ಲಿ ಕಾಗದ ನೋಡುತ್ತಿದ್ದ ಪಿಎಸ್‌ಐ ಸಿದ್ದೇಶ್ವರಿ ತಲೆ ಎತ್ತಿದಳು. ನಾಗಸೇನ ಶೇವಂತಾಬಾಯಿಯ ಮಗ, ಔರಾದದಲ್ಲಿ ಸರಕಾರಿ ಶಾಲೆಯ ಶಿಕ್ಷಕನಾಗಿದ್ದ. ಕಳೆದ ವರ್ಷ ನವೆಂಬರ್ 30ರ ಶನಿವಾರ ಸಂಜೆ ಬೈಕಿನ ಮೇಲೆ ಬೀದರ ಮಾರ್ಗವಾಗಿ ಊರಿಗೆ ಬರುತ್ತ ಹಲಬರ್ಗಾ ಕ್ರಾಸಿನ ತಿರುವಿನಲ್ಲಿ, ಮೋರಿ ಕಟ್ಟಲು ಅಗೆದಿದ್ದ ಗುಂಡಿಗೆ ಬಿದ್ದು ಸತ್ತಿದ್ದ. ಎಫ್‌ಐಆರ್ ಮಾಡಿದವಳು ಸಿದ್ದೇಶ್ವರಿಯೇ. ಎಚ್ಚರಿಕೆ ಫಲಕ ಇದ್ದರೂ ಗಮನಿಸದೆ ಅತಿವೇಗದಿಂದ ಓಡಿಸಿ ತನ್ನ ಸಾವಿಗೆ ತಾನೇ ಕಾರಣನಾಗಿದ್ದಾನೆ ಎಂದು ಬರೆದು, ಮೃತನನ್ನೇ ಆರೋಪಿ ಮಾಡಿ, ಆರೋಪಿ ಮೃತಪಟ್ಟಿದ್ದರಿಂದ ಕೇಸು ಮುಗಿಯಿತೆಂದು ಕೋರ್ಟಿಗೆ ವರದಿ ಕಳಿಸಿದ್ದಳು. ಸತ್ತವರ ತಲೆಗೆ ಕಟ್ಟುವುದು ಸುಲಭ. ಅವರು ಎದ್ದು ಬಂದು ಇಲ್ಲವೆನ್ನುವುದಿಲ್ಲ.

“ಒಳಗ ಬರ್ರಿ ಅವ್ವಾ. ಕುಂದರ್ರಿ.”

ಶೇವಂತಾಬಾಯಿ ಕೂತಳು. ಬಿಳಿ ಸೀರೆಯ ಸೆರಗು ತಲೆಯ ಮೇಲೆ, ಕೈಯಲ್ಲಿ ಮಗನ ಫೋಟೋ. “ನಿನ್ನಿ ಮಗನ ಪುಣ್ಯಾನುಮೋದನ ಇತ್ತರಿ, ವರ್ಷ ತುಂಬ್ತು. ಬುದ್ಧವಿಹಾರದ ಭಂತೇಜಿ ಬಂದಿದ್ರು, ಪಾವ್ಣೇರು, ಬೀಗರು ಬಂದಿದ್ರು. ಬಂದವರೆಲ್ಲ ಆ ಬ್ಯಾನರ್ ಓದಿಕೊಂಡೇ ಬಂದ್ರು. ಇಷ್ಟು ದಿನ ಊರು ಏನಂತಿತ್ತು ಗೊತ್ತದೇನು? ಕುಡದಿದ್ದ ಅಂತಿತ್ತು. ನನ್ನ ಸೊಸಿ ಸಪನಾ ನೀರಿಗಿ ಹೋದ್ರ ಹಿಂದ ನಿಂತು ಅಂತಿದ್ರು. ನನ್ನ ಮಗ ಬಾಯಿಗಿ ಹನಿ ಹಾಕಿದವನಲ್ಲ.”

“ಕುಡದಿದ್ದ ಅಂತ ನಾವು ಬರದಿಲ್ಲ ಅವ್ವಾ. ಡಾಕ್ಟರ್ ವರದಿಯಾಗೂ ಇಲ್ಲ.”

“ತಪ್ಪು ಅವಂದೇ ಅಂತ ಬರದೀರಲ್ಲ? ಉಳಿದದ್ದು ಊರು ಬರಕೊಂಡ್ತು.”

ಸಿದ್ದೇಶ್ವರಿ ಅರ್ಜಿಯ ಹಾಳೆ ಎಳೆದುಕೊಂಡಳು. ಶೇವಂತಾಬಾಯಿ ಮಾತು ಮುಂದುವರಿಸಿದಳು.

“ಈ ಬ್ಯಾನರ್ ಕಟ್ಟಿದವನಿಗಿ ಏನೋ ಖರೇ ಗೊತ್ತದ. ಗೊತ್ತಿಲ್ಲದವ ಇಷ್ಟು ದೊಡ್ಡದು ಬರಸಂಗಿಲ್ಲ. ಅವನ್ನ ಹಿಡದು ಕೇಳ್ರಿ. ನನ್ನ ಮಗನ ಕಸೂರ ಇಲ್ಲ ಅಂತ ನಿಮ್ಮ ಕಾಗದದಾಗ ಬರೀರಿ. ನನಗ ಮತ್ತೇನೂ ಬ್ಯಾಡ.”

ಸಿದ್ದೇಶ್ವರಿ ಅರ್ಜಿ ಬರೆಸಿಕೊಂಡು ಸ್ವೀಕೃತಿ ಕೊಟ್ಟಳು.

ಹನ್ನೊಂದೂವರೆಗೆ ಜೀಪು ಹಲಬರ್ಗಾ ಕ್ರಾಸ್ ಮುಟ್ಟಿತು. ಮೋರಿಯ ಕೆಲಸ ಮುಗಿದು ತಿಂಗಳುಗಳೇ ಆಗಿದ್ದವು, ರಸ್ತೆ ನುಣ್ಣಗಿತ್ತು. ಬೇವಿನ ಮರಕ್ಕೂ ಲೈಟಿನ ಕಂಬಕ್ಕೂ ನಡುವೆ ಬ್ಯಾನರ್ ಬಿಗಿದಿದ್ದರು. ಬಿಳಿಯ ಮೇಲೆ ಕರಿ ಅಕ್ಷರ. ಮೇಲಿನ ಸಾಲಿನಲ್ಲಿ ‘ನಾಗಸೇನನ’, ಕೆಳಗಿನ ಸಾಲಿನಲ್ಲಿ ‘ತಪ್ಪಿರಲಿಲ್ಲ’.

ಬೀದರ ಸೀಮೆಯಲ್ಲಿ ಯಾರಾದರೂ ಸತ್ತರೆ ಚೌಕಿನಲ್ಲಿ ಫ್ಲೆಕ್ಸ್ ಏಳುವುದು ರೂಢಿ. ಮಧ್ಯದಲ್ಲಿ ಸತ್ತವರ ಫೋಟೋ, ಎರಡು ಬದಿ ದೀಪ, ಕೆಳಗೆ ಶೋಕ ವ್ಯಕ್ತಪಡಿಸುವವರ ಮುಖಗಳ ಸಾಲು. ಆ ಸಾಲಿನಲ್ಲಿ ತನ್ನ ಮುಖ ಸಣ್ಣದಾಯಿತೆಂದು ಮುನಿಸಿಕೊಂಡವರೂ ಇದ್ದಾರೆ. ಹೆಸರಿಲ್ಲದೆ ದುಃಖಪಡುವವನನ್ನು ಈ ಜಿಲ್ಲೆ ಕಂಡಿಲ್ಲ. ಈ ಬ್ಯಾನರಿನಲ್ಲಿ ಮಾತ್ರ ಫೋಟೋ ಇಲ್ಲ, ದೀಪ ಇಲ್ಲ, ಕೆಳಗಿನ ಜಾಗ ಪೂರ್ತಿ ಖಾಲಿ. ಫ್ಲೆಕ್ಸ್ ಅಂಗಡಿಯ ಹೆಸರು, ನಂಬರು ಇರುವ ಮೂಲೆಯನ್ನು ಬ್ಲೇಡಿನಿಂದ ಕತ್ತರಿಸಿದ್ದರು.

“ಅಬ್ಬಬ್ಬಾ, ಅಕ್ಷರ ನೋಡ್ರಿ ಮೇಡಂ! ಪೈಲವಾನರು ಸಾಲಾಗಿ ನಿಂತಂಗ ಅವ,” ಎಂದ ಗೋರಖನಾಥ.

ಅವನು ಹೇಳಿದ್ದು ಸರಿಯಾಗಿತ್ತು. ಅಕ್ಷರದ ಮೈ ಒಂದು ಕಡೆ ಗೇಣು ದಪ್ಪ, ತಿರುಗುವಲ್ಲಿ ದಾರದಷ್ಟು ತೆಳು. ತಲೆಕಟ್ಟಿನ ತುದಿ ಚೂಪು. ಬುಡದಲ್ಲಿ ಇಂಗ್ಲಿಷ್ ಅಕ್ಷರಕ್ಕಿರುವಂಥ ಚಪ್ಪಟೆ ಪಾದ. ಕ್ರಾಸಿನ ಆಚೆ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನೂ ಅಲ್ಲಿಂದಲೇ ಓದಬಹುದಾಗಿತ್ತು. ಸಿದ್ದೇಶ್ವರಿ ಇಬ್ಬರು ಪಂಚರನ್ನು ಕರೆದು ಪಂಚನಾಮೆ ಬರೆಸಿದಳು. ಕಟ್ಟಿದ್ದು ನೀಲಿ ನೈಲಾನ್ ಹಗ್ಗ, ಎಳೆ ಬಿಚ್ಚದಂತೆ ತುದಿ ಸುಟ್ಟಿದೆ ಎಂದೂ ಬರೆಸಿದಳು.

ಊಟದ ಹೊತ್ತಿಗೆ ಭಾಲ್ಕಿ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಫ್ಲೆಕ್ಸ್ ಅಂಗಡಿ ನಡೆಸುವ ಮುಸರ್ರತ, ಮೊಬೈಲಿನ ಫೋಟೋ ಹಿಗ್ಗಿಸಿ ನೋಡಿದಳು.

“ಇದು ನಮ್ಮ ಕಂಪ್ಯೂಟರದಾಗ ಇಲ್ಲರಿ. ಭಾಲ್ಕಿಯಾಗ ಯಾರ ಹತ್ರಾನೂ ಇಲ್ಲ.”

“ಹ್ಯಾಂಗ ಹೇಳ್ತೀರಿ?”

“ಎಲ್ಲರ ಹತ್ರ ಇರೋವು ಅವೇ ಹತ್ತು ನಮೂನಿ ಅಕ್ಷರ. ಕನ್ನಡ ಅಕ್ಷರ ಗುಂಡಗ ಕುಂತಿರ್ತಾವ, ಇವಕ್ಕ ಪಾದ ಕೊಟ್ಟು ನಿಂದರ್ಸ್ಯಾನ. ಕೈಲೆ ಬಿಡಿಸಿ ಮಾಡ್ಯಾನರಿ. ಮತ್ತ ಒಂದು ಮಾತು, ಇಂಥದ್ದು ಸತ್ತವರಿಗಿ ಹಾಕಂಗೇ ಇಲ್ಲ.”

“ಯಾಕ?”

“ಹೊಟ್ಟಿ ಉಬ್ಬಿದ ಅಕ್ಷರ ಬರ್ತಡೇಕ್ಕ, ಲಗ್ನಕ್ಕ, ದುಕಾನ ಓಪನಿಂಗಕ್ಕ. ಸತ್ತವರಿಗಿ ಸಣ್ಣ, ಸೊರಗಿದ ಅಕ್ಷರ. ಇದು ಹಾಕಿದ್ರ ಗಿರಾಕಿ ಬೈತಾರ. ನಮ್ಮಪ್ಪ ಸತ್ತಾನೋ ಎಲೆಕ್ಷನ್ ಗೆದ್ದಾನೋ ಅಂತಾರ!”

ಗೋರಖನಾಥ ನಕ್ಕ. ಸಿದ್ದೇಶ್ವರಿ ನಗಲಿಲ್ಲ. “ಮೊದಲು ಎಲ್ಲಾದ್ರೂ ನೋಡೀರೇನು?”

“ಒಂದೇ ಸಲ. ಹೋದ ವರ್ಷ, ಹಲಬರ್ಗಾ ಕ್ರಾಸಿನಾಗೇ. ವೈಜಿನಾಥ ಸಾಹುಕಾರರ ಬರ್ತಡೇ ಬ್ಯಾನರ್. ಶನಿವಾರ ಸಂಜಿಮುಂದ ಬೀದರದಿಂದ ಬಸ್ಸಿನಾಗ ಬರ್ತಿದ್ದೆ. ಅಕ್ಷರ ನೋಡಿ ಹೊಟ್ಟಿಕಿಚ್ಚು ಆತು, ಸುಳ್ಳ್ಯಾಕ ಹೇಳಲಿ. ಸೋಮವಾರ ಮತ್ತ ನೋಡ್ಬೇಕಂತ ಕಿಡಕಿ ಹತ್ರ ಕುಂತೆ, ಇರಲೇ ಇಲ್ಲ.”

“ಯಾವ ತಿಂಗಳು?”

“ಚಳಿ ಸುರು ಆಗಿತ್ತು. ರಸ್ತಿ ಅಗದಿದ್ರಲ್ಲ, ಬಸ್ಸು ಹೊಲದ ದಾರಿಲೆ ಬಳಸಿ ಹೋತು, ಆ ವಾರ.”

“ಬ್ಯಾನರ್ ಯಾವುದಕ್ಕ ಕಟ್ಟಿದ್ರು?”

“ತಿರುವಿನಾಗ ಎರಡು ಕಬ್ಬಿಣದ ಕಂಬ ಇದ್ವು ನೋಡ್ರಿ, ಅವಕ್ಕ. ಬೀದರ ಕಡಿಯಿಂದ ಬರೋರಿಗಿ ದೂರದಿಂದ ಕಾಣ್ತಿತ್ತು.”

ಸಿದ್ದೇಶ್ವರಿ ಮೊಬೈಲ್ ಕಿಸೆಗಿಟ್ಟಳು. ಆ ಎರಡು ಕಂಬ ಅವಳಿಗೆ ಗೊತ್ತು. ‘ಮುಂದೆ ರಸ್ತೆ ಇಲ್ಲ, ಬಲಕ್ಕೆ ತಿರುಗಿ’ ಎಂಬ ಗುತ್ತಿಗೆದಾರನ ಫಲಕ ನಿಲ್ಲಿಸಿದ ಕಂಬಗಳು ಅವು. ನಾಗಸೇನ ಸತ್ತ ಮರುದಿನ, ಭಾನುವಾರ ಬೆಳಿಗ್ಗೆ ಅವುಗಳ ಮುಂದೆ ನಿಂತು, ಎಚ್ಚರಿಕೆ ಫಲಕ ಸ್ಪಷ್ಟವಾಗಿ ಕಾಣುತ್ತದೆ ಎಂದು ತಾನೇ ಪಂಚನಾಮೆ ಬರೆಸಿದ್ದಳು. ಬೆಳಿಗ್ಗೆ ಕಾಣುತ್ತಿದ್ದದ್ದು ಹಿಂದಿನ ಸಂಜೆ ಕಾಣುತ್ತಿತ್ತೇ ಎಂದು ಯಾರನ್ನೂ ಕೇಳಿರಲಿಲ್ಲ.

ಜೀಪಿನಿಂದಲೇ ವೈಜಿನಾಥನಿಗೆ ಫೋನ್ ಹಚ್ಚಿದಳು. ಚುನಾವಣೆ ಟಿಕೆಟ್ ಸಿಗದಿದ್ದರೂ ಮುಖಂಡಗಿರಿ ಬಿಡದ ಮನುಷ್ಯ.

“ಹೌದ್ರಿ ಮೇಡಂ! ಸಂಜಿಗಿ ಕಟ್ಟಿದ್ದು ಬೆಳಗಾಗೂದ್ರಾಗ ಗಾಯಬ್. ನನ್ನ ಮ್ಯಾಲಿನ ಹೊಟ್ಟಿಕಿಚ್ಚಿಗಿ ಯಾರೋ ಹರದು ಒಯ್ದಾರ. ಈಗ ಸಿಕ್ರೇನು?”

“ಆ ಕಂಬಕ್ಕ ಕಟ್ಟು ಅಂದವರು ನೀವೇನು?”

“ಅಲ್ಲರಿ. ನಾನು ಊರ ಅಗಸಿ ಬಾಗಿಲ ಮುಂದ ಕಟ್ಟು ಅಂದಿದ್ದೆ. ಬ್ಯಾನರ್ ಮಾಡಿದ ಜಾನ್ಸನನೇ ಬ್ಯಾಡ ಅಂದ, ಅಗಸಿಯಾಗ ಅಕ್ಷರಕ್ಕ ದೂರ ಸಿಗಂಗಿಲ್ಲ ಅಂದ. ಬೀದರದಾಗ ಗಾಂಧಿ ಗಂಜಿನಾಗ ಇದ್ದಾನ. ತಾನೇ ಬಂದು ಕಟ್ಟಿ ಹೋದ.”

ಜೀಪು ಠಾಣೆಗೆ ಹಿಂದಿರುಗಿತು. ಇಳಿಯುವಾಗ ಗೋರಖನಾಥ ಬಾಗಿಲು ಹಿಡಿದು ನಿಂತ.

“ಮೇಡಂ, ಒಂದು ಮಾತು. ಆವತ್ತು ಕಂಬದ ಮ್ಯಾಲ ನೀಲಿ ಹಗ್ಗದ ತುಂಡು ಇದ್ವು.”

“ಗೊತ್ತದ. ನಾನೂ ನೋಡಿದ್ದೆ.”

“ಬೈಕು ಟೆಂಪೋಕ್ಕ ಕಟ್ಟಾಕ ಹಗ್ಗ ಇರಲಿಲ್ಲ. ನಾನು... ಆ ತುಂಡೇ ಬಿಚ್ಚಿ ಕಟ್ಟಿದೆ.”

ಇಬ್ಬರೂ ಠಾಣೆಯ ಹಿಂದಿನ ಅಂಗಳಕ್ಕೆ ನಡೆದರು. ಜಪ್ತಿ ಗಾಡಿಗಳ ಸಾಲಿನ ಕೊನೆಯಲ್ಲಿ ನಾಗಸೇನನ ಬೈಕು ಧೂಳು ಹಿಡಿದು ನಿಂತಿತ್ತು, ಚಕ್ರದ ನಡುವೆ ಹುಲ್ಲು ಬೆಳೆದಿತ್ತು. ಹ್ಯಾಂಡಲಿಗೆ ಸುತ್ತಿದ್ದ ನೀಲಿ ಹಗ್ಗ ಬಣ್ಣಗೆಟ್ಟಿದ್ದರೂ ಹಾಗೇ ಇತ್ತು. ಪ್ರತಿ ತುಂಡಿನ ಒಂದು ತುದಿ ಸುಟ್ಟದ್ದು, ಇನ್ನೊಂದು ಚಾಕುವಿನಿಂದ ಕೊಯ್ದದ್ದು.

“ಇಪ್ಪತ್ತಾರು ವರ್ಷದ ನೌಕರಿರಿ,” ಎಂದ ಗೋರಖನಾಥ. “ಸಾಕ್ಷಿಯ ಹಗ್ಗದಿಂದ್ಲೇ ಗಾಡಿ ಕಟ್ಟಿ ತಂದೆ. ನನ್ನ ತಲಿಗಿ ಏನಾಗಿತ್ತು! ಊರಾಗ ಆ ಆಯಿ ಎದುರು ಬಂದ್ರ ನಾ ಜೈಭೀಮ್ ಅಂತೇನಿ, ಆಕಿ ಜೈಭೀಮ್ ಅಂತಾಳ. ಇನ್ನ ಹ್ಯಾಂಗ ಮಾರಿ ತೋರಿಸ್ಲಿ?”

“ಭಾನುವಾರ ಇತ್ತು, ಲಗೂ ಮುಗಿಸಿ ಮನಿಗಿ ಹೋಗ್ಬೇಕಿತ್ತು ನನಗ,” ಎಂದಳು ಸಿದ್ದೇಶ್ವರಿ. “ಹಗ್ಗ ಯಾಕ ಅದ ಅಂತ ಕೇಳಲಿಲ್ಲ. ಕೇಳ್ಬೇಕಾದವಳು ನಾನು, ನೀವಲ್ಲ. ಪಂಚರನ್ನ ಕರೀರಿ.”

ಪಂಚರ ಎದುರು ಹಗ್ಗ ಬಿಚ್ಚಿ, ಸೀಲು ಮಾಡಿ ಜಪ್ತಿ ಮಾಡಿದರು. ಮರುದಿನ ಬೆಳಿಗ್ಗೆ ಮುಂದಿನ ತನಿಖೆಗೆ ಅನುಮತಿ ಕೋರಿ ಕೋರ್ಟಿಗೆ ಅರ್ಜಿ ಹೋಯಿತು, ಮಧ್ಯಾಹ್ನದೊಳಗೆ ಅನುಮತಿ ಬಂತು.

ಹೆಸರು ಸಿಕ್ಕ ಮಾತ್ರಕ್ಕೆ ಕೇಸು ನಿಲ್ಲುವುದಿಲ್ಲ. ಹೊಸ ಬ್ಯಾನರ್ ಕಟ್ಟಿದವನೂ ಜಾನ್ಸನನೇ ಎಂದು ಹೇಳುವವರು ಬೇಕಿತ್ತು. ಅಂಥದೇ ಇನ್ನೊಂದು ಬ್ಯಾನರ್ ಔರಾದದಲ್ಲಿ, ನಾಗಸೇನನ ಶಾಲೆಯ ಎದುರೇ ಇದೆಯೆಂದು ಅಲ್ಲಿಯ ಪೊಲೀಸರು ತಿಳಿಸಿದ್ದರು. ಮಂಗಳವಾರ ಮೂರು ಗಂಟೆಗೆ ಸಿದ್ದೇಶ್ವರಿ ಔರಾದ ಮುಟ್ಟಿದಾಗ ಮಕ್ಕಳು ಕಂಪೌಂಡಿನ ಮೇಲೆ ಹತ್ತಿ ಅದನ್ನು ಒಕ್ಕೊರಲಿನಿಂದ ಓದುತ್ತಿದ್ದರು. ಮುಖ್ಯ ಶಿಕ್ಷಕಿ ದಾನಮ್ಮ ಅವರನ್ನು ಒಳಗೆ ಅಟ್ಟಿ ಬಂದಳು.

“ಯಾರು ಕಟ್ಟಿದ್ರು, ನೋಡೀರೇನು?”

“ನೋಡೋದೇನು, ನನ್ನ ಕೇಳಿಯೇ ಕಟ್ಯಾನರಿ. ಶನಿವಾರ ಸಾಲಿ ಬಿಟ್ಟ ಹೊತ್ತಿಗಿ ಬಂದ. ಮ್ಯಾಲ ನಿಚ್ಚಣಿಕಿ ಕಟ್ಟಿದ ಹಳೀ ವ್ಯಾನು. ನಾಗಸೇನ ಸರ್ ಗೆಳೆಯ ಅಂದ್ಕೊಂಡೆ.”

“ಏನಂದ?”

“ಸರ್ ಪಾಠ ಮಾಡೋ ಖೋಲಿ ಯಾವುದು ಅಂದ. ತೋರಿಸಿದೆ. ಒಳಗ ಹೋಗಲಿಲ್ಲರಿ. ಹೊಸ್ತಿಲ ಹೊರಗ ಚಪ್ಪಲಿ ಬಿಟ್ಟು ನಿಂತ. ಗುಡಿ ಮುಂದ ನಿಂತಂಗ ನಿಂತಿದ್ದ ಪಾಪ. ಹುಡುಗರಿಗಿ ಸರ್ ಹೊಡೀತಿದ್ರೇನು ಅಂತ ಕೇಳಿದ. ಒಂದಿನಾನೂ ಇಲ್ಲ ಅಂದೆ. ಅಳಾಕ ಸುರು ಮಾಡಿದ.”

ಸಿದ್ದೇಶ್ವರಿ ಮೊಬೈಲಿನಲ್ಲಿ ಐದು ಜನರ ಫೋಟೋ ತೋರಿಸಿದಳು. ದಾನಮ್ಮ ತಡವರಿಸದೆ ಮೂರನೆಯದರ, ಜಾನ್ಸನನ ಫೋಟೋದ ಮೇಲೆ ಬೆರಳಿಟ್ಟಳು.

ಬುಧವಾರ, ಡಿಸೆಂಬರ್ 3, ಹನ್ನೊಂದು ಗಂಟೆ. ಗಾಂಧಿ ಗಂಜಿನಲ್ಲಿ ತೊಗರಿ ಮೂಟೆ ಇಳಿಸುವ ಲಾರಿಗಳ ನಡುವೆ ಜೀಪು ತೂರಿಸುವಷ್ಟರಲ್ಲಿ ಡ್ರೈವರ್ ನಾಲ್ಕು ಜನರನ್ನು ಬೈದ. ಜಾನ್ಸನನ ಅಂಗಡಿ ಅಡತಿ ದುಕಾನಿನ ಮೇಲಿನ ಮಾಳಿಗೆಯಲ್ಲಿ. ಬೀಗ ಹಾಕಿತ್ತು. “ಸೋಮವಾರದಿಂದ ಬಂದಿಲ್ಲರಿ, ನೌಬಾದದಾಗ ಮನಿಯಾಗೇ ಅದಾನ,” ಎಂದ ಒಬ್ಬ ಹಮಾಲ, ಮೂಟೆ ಹೊತ್ತುಕೊಂಡೇ.

ನೌಬಾದದ ಮನೆಯಲ್ಲಿ ಬಾಗಿಲು ತೆಗೆದವಳು ಹೆಂಡತಿ ಜೆಮಿಮಾ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಇನ್ನೂ ನರ್ಸಿನ ಬಿಳಿ ಬಟ್ಟೆಯಲ್ಲೇ ಇದ್ದಳು. ಗೋಡೆಯ ಮೇಲೆ ಯೇಸುವಿನ ಪಟ, ಅದರ ಕೆಳಗೆ ಹಲಗೆಯ ಮೇಲೆ ಸಾಲಾಗಿ ಕಟ್ಟಿಗೆಯ ದೊಡ್ಡ ಇಂಗ್ಲಿಷ್ ಅಕ್ಷರಗಳು. ಪಾದ ಇದ್ದವು, ದಪ್ಪ ಮೈಯವು, ಮಸಿ ಕುಡಿದು ಕಪ್ಪಾದವು.

“ಇವು ಯಾರವು?”

“ಇವರ ಮುತ್ಯಾ ಎಲೀಷನವರವು. ಹಿಂದ ಮಿಷನ್ ಕಾಲದಾಗ ಪ್ರೆಸ್ಸಿನಾಗ ಅಕ್ಷರ ಜೋಡಿಸ್ತಿದ್ರಂತ. ಇವರು ಅವನ್ನೇ ನೋಡಿ ನೋಡಿ ಕನ್ನಡ ಅಕ್ಷರ ಬಿಡಿಸಿದ್ರು. ಮೂರು ವರ್ಷ ಬಿಡಿಸಿದ್ರು.” ಜೆಮಿಮಾಳ ದೃಷ್ಟಿ ಗೋರಖನಾಥನ ಖಾಕಿಯ ಮೇಲೇ ಇತ್ತು. “ಏನಾಗ್ಯದರಿ?”

“ಹೋದ ವರ್ಷ ಡಿಸೆಂಬರ್ ಒಂದನೇ ತಾರೀಖು, ಭಾನುವಾರ. ಮುಂಜಾನಿ ಎಲ್ಲಿದ್ರು?”

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಆ ಭಾನುವಾರ ನನಗ ಮರಿಯಂಗಿಲ್ಲ. ನಸುಕಿನಾಗ ಎದ್ದು ಹೋದ್ರು, ಅಕ್ಷರದ ಫೋಟೋ ತಗೊಂಡು ಬರ್ತೇನಿ ಅಂತ ಹಾಡ್ಕೋತ ಹೋದ್ರು. ನೇರ ಚರ್ಚಿಗೇ ಬಂದ್ರು. ತಿಂಗಳ ಮೊದಲ ಭಾನುವಾರ, ಯೇಸು ನೆನಪಿಗಿ ರೊಟ್ಟಿ ಹಂಚೋ ಪ್ರಭುಭೋಜನ ಇತ್ತು. ಮನಸ್ನಾಗ ತಪ್ಪು ಇಟ್ಕೊಂಡವರು ಅದನ್ನ ಮುಟ್ಟಂಗಿಲ್ಲ. ರೊಟ್ಟಿ ತಾಟು ಮುಂದ ಬಂದ್ರ ತಗೊಳ್ಳಾಕ ಕೈ ಎತ್ತಲಿಲ್ಲ. ಅವತ್ತಿನಿಂದ ಒಮ್ಮಿಯೂ ತಗೊಂಡಿಲ್ಲ. ಯಾಕ ಅಂತ ಪಾಸ್ಟರ್ ಕೇಳಿದ್ರು, ನಾ ಕೇಳಿದೆ. ಬಾಯಿ ಬಿಟ್ಟಿಲ್ಲ.”

“ಜೆಮಿಮಾ, ಬಾಜೂಕ ಸರಿ,” ಒಳಗಿನಿಂದ ದನಿ ಬಂತು. “ಅವರು ನನ್ನ ಹುಡುಕಿ ಬಂದಾರ.”

ಜಾನ್ಸನ ಗಡ್ಡ ಬಿಟ್ಟಿದ್ದ. ನಲವತ್ತರ ಆಸುಪಾಸು. ಪೊಲೀಸರನ್ನು ಕಂಡು ಅವನ ಮುಖದಲ್ಲಿ ಗಾಬರಿಯಿಲ್ಲ, ಹಲ್ಲು ಕೀಳಿಸಲು ಕಡೆಗೂ ಬಂದು ಕೂತವನ ಹಾಗಿದ್ದ. ಸಿದ್ದೇಶ್ವರಿ ಎದುರಿನ ಕುರ್ಚಿ ತೋರಿಸಿದಳು.

“ವೈಜಿನಾಥ ಬರ್ತಡೇ ಬ್ಯಾನರ್ ಮಾಡಿದವರು ನೀವೇ ಏನು?”

“ಹೌದ್ರಿ.”

“ಕಟ್ಟಿದವರು?”

“ನಾನೇ. ಹುಡುಗರನ್ನ ಕಳಿಸಲಿಲ್ಲ. ಆ ಅಕ್ಷರದಾಗ ಅದೇ ಮೊದಲ ಬ್ಯಾನರ್.”

“ಕಂಬದ ಮ್ಯಾಲ ಬೋರ್ಡ್ ಇತ್ತು. ನೋಡಿದ್ರೇನು?”

“ನೋಡಿದೆ.”

“ಓದಿದ್ರೇನು?”

“ಓದಿದೆ. ಕೈಲೆ ಬರದ ಕೆಟ್ಟ ಅಕ್ಷರ. ಇಂಥ ಅಕ್ಷರ ಯಾರು ಓದ್ತಾರ ಅಂದೆ. ದಿನಾ ಓಡಾಡೋರಿಗಿ ರಸ್ತಿ ಅಗದದ್ದು ಗೊತ್ತದ, ಒಂದು ದಿನದಾಗ ಏನಾಗ್ತದ ಅಂದ್ಕೊಂಡೆ.”

ನಾಗಸೇನ ದಿನಾ ಓಡಾಡುವವನಾಗಿರಲಿಲ್ಲ. ವಾರವಿಡೀ ಔರಾದದಲ್ಲಿದ್ದು ಶನಿವಾರ ಮಾತ್ರ ಬರುವವ. ರಸ್ತೆ ಅಗೆದದ್ದು ಆ ವಾರವೇ.

“ಭಾನುವಾರ ಯಾಕ ಹೋದ್ರಿ?”

“ಮುಂಜಾನಿ ಬಿಸಲು ಬೀದರ ಕಡಿಯಿಂದ ನೆಟ್ಟಗ ಬೀಳ್ತದ ಅದರ ಮ್ಯಾಲ. ಫೋಟೋ ತಗೀಬೇಕಿತ್ತು.”

“ತಗದ್ರೇನು?”

ಜಾನ್ಸನ ಕಿಸೆಯಿಂದ ಮೊಬೈಲ್ ತೆಗೆದು ಕೊಟ್ಟ. ಎಳೆಬಿಸಿಲಿನಲ್ಲಿ ಕೆಂಪು ಬಳಿದಂಥ ಅಕ್ಷರಗಳು, ಕಣ್ಣು ತುಂಬುವ ಹಾಗೆ. ಎಷ್ಟು ಚೆಂದ ಇತ್ತೆಂದರೆ ಸಿದ್ದೇಶ್ವರಿಗೆ ಸಿಟ್ಟು ಬಂತು. ಫೋಟೋದ ಕೆಳಗಿನ ಮೂಲೆಯಲ್ಲಿ, ಗುಂಡಿಯ ಅಂಚಿನಲ್ಲಿ, ಬೈಕಿನ ಒಂದು ಚಕ್ರ ಕಾಣುತ್ತಿತ್ತು.

“ಇದನ್ನ ಅಳಿಸಿಲ್ಲ ಯಾಕ?”

“ಬೆರಳು ಬರಲಿಲ್ಲರಿ. ಫೋಟೋ ತಗೊಂಡು ನೋಡಿದಾಗಲೇ ಚಕ್ರ ಕಂಡದ್ದು.”

“ಕೆಳಗ ಇಳದ್ರೇನು?”

“ಇಲ್ಲ.”

“ಕೂಗಿ ಕರದ್ರೇನು?”

“ಇಲ್ಲ.”

“ಮತ್ತ ಏನು ಮಾಡಿದ್ರಿ?”

ಹಲಗೆಯ ಮೇಲಿನ ಕಟ್ಟಿಗೆಯ ಅಕ್ಷರಗಳ ಕಡೆ ನೋಡುತ್ತ ಅವನು ಹೇಳಿದ, “ಮೊದಲು ಹಗ್ಗ ಕೊಯ್ದೆ.”

ಜೆಮಿಮಾ ಗಂಡನಿಂದ ದೂರ ಸರಿದು ನಿಂತಳು. ನರ್ಸಾಗಿ ಹತ್ತು ವರ್ಷ ಕೆಲಸ ಮಾಡಿದವಳು, ಮೊದಲ ನಿಮಿಷಗಳ ಬೆಲೆ ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ಬ್ಯಾನರ್ ಸುತ್ತಿ ವ್ಯಾನಿನಾಗ ಇಟ್ಟೆ. ಆಮೇಲೆ ಕ್ರಾಸಿನ ಚಾ ಅಂಗಡಿಯವನಿಗಿ, ಯಾರೋ ಬಿದ್ದಾರ ನೋಡು ಅಂತ ಹೇಳಿ ಹೋಗಿಬಿಟ್ಟೆ. ಅವ ಜೀವಂತ ಇದ್ದನೋ ಇಲ್ಲೋ ನನಗ ಗೊತ್ತಿಲ್ಲ ಮೇಡಂ. ನಾ ನೋಡಲೇ ಇಲ್ಲ. ವರ್ಷ ಆತು, ಕಣ್ಣು ಮುಚ್ಚಿದ್ರ ಅದೇ.”

“ಬ್ಯಾರೆ ಅಕ್ಷರದಾಗ ಬರದಿದ್ರ ನೀವು ಸಿಗ್ತಿರಲಿಲ್ಲ.”

“ಸುರೂಕ ಬ್ಯಾರೆ ಅಕ್ಷರದಾಗೇ ಬರದು ನೋಡಿದೆ. ಯಾರೋ ಪರವೂರಿನವ ಹೇಳಿದಂಗ ಆತು. ಬೋರ್ಡ್ ಮುಚ್ಚಿದ್ದು ಈ ಅಕ್ಷರ. ಇವೇ ಬಾಯಿ ಬಿಡ್ಬೇಕು ಅನಿಸ್ತು.”

“ಹೆಸರು ಯಾಕ ಹಾಕಲಿಲ್ಲ?”

“ಕೆಳಗ ಸಣ್ಣದಾಗಿ ಹಾಕಿ ನೋಡಿದೆ. ಈ ಅಕ್ಷರ ಸಣ್ಣದು ಮಾಡಿದ್ರ ಹೊಟ್ಟಿ ಮುಚ್ಕೋತಾವರಿ, ತೆಳು ಗೆರಿ ಅಳಿಸಿ ಹೋಗ್ತಾವ, ಬರೇ ಮಸಿ ಕಾಣ್ತದ. ದೊಡ್ಡದಾಗೇ ಹಾಕ್ಬೇಕು. ಅಷ್ಟು ದೊಡ್ಡದು ಹಾಕಾಕ ಎದಿ ಆಗಲಿಲ್ಲ.”

ಮಂಚದ ಕೆಳಗೆ ಬರ್ತಡೇ ಬ್ಯಾನರ್ ಸುರುಳಿ ಸುತ್ತಿ ಇಟ್ಟಿತ್ತು. ಅದರ ಮೂಲೆಯ ತೂತುಗಳಲ್ಲಿ ಕೊಯ್ದ ನೀಲಿ ಹಗ್ಗದ ತುಂಡುಗಳು ಹಾಗೇ ಇದ್ದವು. ಪಂಚನಾಮೆ ಮಾಡಿ ಬ್ಯಾನರನ್ನೂ ಮೊಬೈಲನ್ನೂ ಜಪ್ತಿ ಮಾಡಿದರು, ಹಗ್ಗದ ತುದಿ ತಾಳೆ ನೋಡಲು ಪ್ರಯೋಗಾಲಯಕ್ಕೆ ಕಳಿಸುವುದೆಂದಾಯಿತು. ಮಧ್ಯಾಹ್ನ 1:40ಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 106(1) ಮತ್ತು 238ರ ಅಡಿ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದದ್ದಕ್ಕೆ ಮತ್ತು ಸಾಕ್ಷ್ಯ ಮರೆಮಾಡಿದ್ದಕ್ಕೆ, ಜಾನ್ಸನನನ್ನು ಬಂಧಿಸಿ ಹೆಂಡತಿಗೆ ತಿಳಿಸಲಾಯಿತು. ಕಾರಣಗಳ ಹಾಳೆಯಲ್ಲಿ ದ್ವೇಷ ಎಂದು ಬರೆಯುವಂತಿರಲಿಲ್ಲ, ಲಾಭ ಎಂದೂ ಇಲ್ಲ. ತಾನು ಮಾಡಿದ್ದು ನಾಲ್ಕು ಜನಕ್ಕೆ ದೂರದಿಂದ ಕಾಣಲಿ ಎಂಬ ಆಸೆ ಅವನಿಗಿತ್ತು. ಆ ಆಸೆ ಯಾರಿಗಿಲ್ಲ ಹೇಳಿ! ಕಂಡೂ ಕಂಡೂ ಮುಚ್ಚಿದ ಬೋರ್ಡಿಗೆ ಮಾತ್ರ ಆ ಆಸೆ ಉತ್ತರವಾಗುವುದಿಲ್ಲ.

ಸಂಜೆ ನಾಲ್ಕಕ್ಕೆ ಶೇವಂತಾಬಾಯಿ ಠಾಣೆಗೆ ಬಂದಳು. ಕೋರ್ಟಿಗೆ ಕರೆದೊಯ್ಯಲು ಜಾನ್ಸನನನ್ನು ಬೆಂಚಿನ ಮೇಲೆ ಕೂರಿಸಿದ್ದರು. ಅವನು ಎದ್ದು ಕಾಲು ಮುಟ್ಟಲು ಬಾಗಿದ. ಅವಳು ಕಾಲು ಹಿಂದೆ ಸರಿಸಿದಳು.

“ಮುಟ್ಟಬ್ಯಾಡ. ಒಂದು ಹೇಳು. ನೀ ಹೋದಾಗ ನನ್ನ ಮಗ ಜೀವಂತ ಇದ್ದನೇನು?”

“ಗೊತ್ತಿಲ್ಲ ಆಯಿ. ನಾ ನೋಡಲಿಲ್ಲ.”

“ಇರಲಿಲ್ಲ ಅವ್ವಾ,” ಎಂದಳು ಸಿದ್ದೇಶ್ವರಿ. “ಡಾಕ್ಟರ್ ವರದಿ ನನ್ನ ಹತ್ರ ಅದ. ತಲಿಗಿ ಪೆಟ್ಟಾಗಿ ಬಿದ್ದಲ್ಲೇ ಹೋಗ್ಯಾನ, ಸಂಜಿಗೇ. ಇವ ಬಂದದ್ದು ಮರುದಿನ ಮುಂಜಾನಿ. ನಾಗಸೇನ ಗುಂಡಿಯಾಗ ಒದ್ದಾಡಿಲ್ಲ.”

ಶೇವಂತಾಬಾಯಿ ಕಣ್ಣು ಮುಚ್ಚಿಕೊಂಡಳು. ಜಾನ್ಸನ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತ. ಗೋರಖನಾಥ ಅವನ ಭುಜದ ಮೇಲೆ ಕೈಯಿಟ್ಟು, “ಕೇಳಿದೇನಪ್ಪಾ? ಮೊದಲೇ ಹೋಗಿದ್ದ. ನೀ ಇಳದಿದ್ರೂ ಏನೂ ಆಗ್ತಿರಲಿಲ್ಲ,” ಎಂದ.

“ಹಗ್ಗ ಕೊಯ್ಯುವಾಗ ನನಗ ಅದು ಗೊತ್ತಿರಲಿಲ್ಲರಿ,” ಎಂದ ಜಾನ್ಸನ.

ಗೋರಖನಾಥ ಅವನ ಭುಜದಿಂದ ಕೈ ತೆಗೆದ.

“ಕಾಗದದಾಗ ನನ್ನ ಮಗನ ಹೆಸರು ತೆಗೀತೀರೇನು ಮೇಡಂ?” ಶೇವಂತಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು.

“ತೆಗೀತೇವಿ. ನಾಗಸೇನ ಆರೋಪಿ ಅಲ್ಲ ಅಂತ ಕೋರ್ಟಿಗಿ ನಾನೇ ಬರದು ಕೊಡ್ತೇನಿ.” ಸಿದ್ದೇಶ್ವರಿ ಅವಳ ಹತ್ತಿರ ಬಂದಳು. “ಇನ್ನೊಂದು ಹೇಳ್ಬೇಕು ಅವ್ವಾ. ಆವತ್ತು ಕಂಬದ ಮ್ಯಾಲ ಹಗ್ಗದ ತುಂಡು ನಾ ನೋಡಿದ್ದೆ. ಯಾಕ ಅದ ಅಂತ ಕೇಳಿದ್ರ ಒಂದೇ ವಾರದಾಗ ಗೊತ್ತಾಗ್ತಿತ್ತು. ಕೇಳಲಿಲ್ಲ. ವರ್ಷಪೂರ್ತಿ ನಿಮ್ಮ ಮಗ ಹೊತ್ತದ್ದು ನನ್ನ ತಪ್ಪನ್ನೂ. ಅದನ್ನೂ ಬರೀತೇನಿ.”

“ಮೇಡಂ,” ಗೋರಖನಾಥ ದನಿ ಇಳಿಸಿದ, “ಅದು ಬರದ್ರ ಇಲಾಖಾ ವಿಚಾರಣಿ ಆಗ್ತದರಿ. ಇಬ್ಬರಿಗೂ.”

“ಆಗ್ಲಿ.”

ಶೇವಂತಾಬಾಯಿ ಪಿಎಸ್‌ಐಯ ಮುಖವನ್ನೇ ನೋಡಿದಳು. ಬೈಯಲಿಲ್ಲ, ಇರಲಿ ಬಿಡು ತಾಯಿ ಎಂದೂ ಅನ್ನಲಿಲ್ಲ. ಆ ಮಧ್ಯಾಹ್ನ ಕ್ರಾಸಿನಿಂದ ಬಿಚ್ಚಿ ತಂದು, ಜಪ್ತಿಯ ಚೀಟಿ ಅಂಟಿಸಿ ಮೂಲೆಯಲ್ಲಿ ಇಟ್ಟಿದ್ದ ಮಗನ ಹೆಸರಿನ ಬ್ಯಾನರ್ ಸುರುಳಿಯ ಬಳಿ ಹೋಗಿ, ಅದರ ಮೇಲೆ ಕೈಯಾಡಿಸಿದಳು.

“ಕೇಸ್ ಮುಗದ ಮ್ಯಾಲ ಇದು ನನಗ ಕೊಡ್ತೀರೇನು?”

“ಕೋರ್ಟ್ ಹೇಳಿದ್ರ ಕೊಡ್ತೇವಿ. ಏನು ಮಾಡ್ತೀರಿ?”

“ಮತ್ತ ಅಲ್ಲೇ ಕಟ್ತೇನಿ. ಕೆಳಗ ಜಾಗ ಖಾಲಿ ಬಿಟ್ಟಾನಲ್ಲ? ಅಲ್ಲಿ ಇವನ ಹೆಸರು ಹಾಕಸ್ತೇನಿ. ನಿಮ್ಮದೂ ಹಾಕಸ್ತೇನಿ.” ಅವಳು ಜಾನ್ಸನನ ಕಡೆ ತಿರುಗಿದಳು. “ಬಿಡುಗಡಿ ಆಗಿ ಬಂದ ಮ್ಯಾಲ ನೀನೇ ಬರದು ಕೊಡು. ದೊಡ್ಡದಾಗೇ ಬರಿ.”

ಜಾನ್ಸನ ತಲೆಯಾಡಿಸಿದ. ಸಿದ್ದೇಶ್ವರಿ ಕುರ್ಚಿ ಎಳೆದುಕೊಂಡು ಕೂತು, ಕೋರ್ಟಿಗೆ ಕೊಡುವ ವರದಿಯ ಬಿಳಿ ಹಾಳೆಯ ಮೇಲೆ ಮೊದಲು ತನ್ನ ಹೆಸರು ಬರೆದಳು.